ಒಂದೇ ಕೈ ಓಡಿಸಿದ ಕೆಂಪು ಕಾರು

ನನ್ನ ಮಗಳು ಯಲಹಂಕದಲ್ಲಿ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಕಲಿಯಲು ಬಂದವರು ಸ್ಟೇರಿಂಗ್ ಹಿಡಿಯುತ್ತಾರೆ, ಇವಳು ಪಕ್ಕದ ಸೀಟಿನಲ್ಲಿ ಕೂತು ತನ್ನ ಕಾಲಡಿಯ ಬ್ರೇಕು ಒತ್ತುತ್ತಾಳೆ. ಎಡಕ್ಕೆ ಅಂದರೆ ಬಲಕ್ಕೆ ತಿರುಗಿಸುವವರು, ಎದುರಿಗೆ ಲಾರಿ ಕಂಡರೆ ಕಣ್ಣು ಮುಚ್ಚುವವರು, ಎಲ್ಲರೂ ಇವಳ ಪಾಲಿಗೇ. ಸಂಜೆ ಮನೆಗೆ ಬರುವ ಹೊತ್ತಿಗೆ ಗಂಟಲು ಬಿದ್ದುಹೋಗಿರುತ್ತದೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, ದಿನವಿಡೀ ಹೇಳಿ ಹೇಳಿ ಸಾಕಾಗಿದೆ, ಮನೆಯಲ್ಲೂ ಒಬ್ಬನಿಗೆ ಹೇಳಬೇಕಾ ಅನ್ನುತ್ತಾಳೆ.

ಐವತ್ತು ಹತ್ತಿರ ಬಂದಾಗ ಅವಳಿಗೊಂದು ಹುಚ್ಚು ಹತ್ತಿತು. ಎರಡೇ ಸೀಟಿನ, ತಲೆ ಮೇಲಿನ ಟಾಪು ತೆರೆದುಕೊಳ್ಳುವ, ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ಬೇಕು. ಯಾಕೆ ಎಂದರೆ, ನಾನು ತಿರುಗಿಸಿದ ಕಡೆ ತಿರುಗುವ ಒಂದು ಗಾಡಿ ಬೇಕು, ಅಷ್ಟೇ ಅಂದಳು. ಹೊಸದು ಕೊಳ್ಳಬೇಕಾದರೆ ಅಟ್ಟೂರಿನ ಮನೆ ಮಾರಬೇಕು. ಹಳೆಯದಕ್ಕೆ ಅವಳು ಚೀಟಿ ಹಾಕಿ ಕೂಡಿಟ್ಟಿದ್ದಷ್ಟೂ ಹೋಗುತ್ತಿತ್ತು. ಗಾಡಿ ಕೆಟ್ಟದ್ದಾದರೆ ದುಡ್ಡೂ ಹೋಯಿತು, ಗಾಡಿಯೂ ಇಲ್ಲ. ಮತ್ತೆ ಕೂಡಿಡುವ ವಯಸ್ಸೂ ಅಲ್ಲ.

ಹೆಬ್ಬಾಳದ ಕಡೆ ಒಂದು ಗಾಡಿ ಇದೆ ಎಂದು ಫೋನಿನಲ್ಲಿ ತೋರಿಸಿದಳು. "ನೀನೂ ಬಾಮ್ಮ. ನಂಗೆ ಅದನ್ನ ನೋಡಿದ್ರೆ ಬುದ್ಧಿ ನಿಲ್ಲಲ್ಲ" ಅಂದಳು.

ನಾನು ಓದಿದ್ದು ಎರಡನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಹಾಕುತ್ತೇನೆ, ಅಷ್ಟೇ. ಆದರೆ ಅಟ್ಟೂರಿನಲ್ಲಿ ಇನ್ನೂ ಹೊಲ ಇದ್ದ ಕಾಲದಲ್ಲಿ ಹಸು ಕೊಂಡು ಮಾರಿ ಸಂಸಾರ ಮಾಡಿದವಳು. ಆಗೆಲ್ಲ ಹಸುವಿಗೆ ಕಾಯಿಲೆ ಬಂದರೆ ಕಾದ ಕಬ್ಬಿಣದಲ್ಲಿ ಬರೆ ಹಾಕಿಸುತ್ತಿದ್ದರು. ಬರೆ ಹಾಕುವವನು ಊರಿಗೊಬ್ಬ, ಒಬ್ಬೊಬ್ಬನದು ಒಂದೊಂದು ಗುರುತು. ಒಬ್ಬ ಅಡ್ಡಗೆರೆ ಎಳೆಯುತ್ತಿದ್ದ, ಇನ್ನೊಬ್ಬ ಸುತ್ತು ಹಾಕುತ್ತಿದ್ದ. ಮಾರುವವನು ಇದು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು ಎಂದು ಆಣೆ ಇಡುತ್ತಿರುವಾಗ ನಾನು ಅದರ ಪಕ್ಕೆ ಸವರಿ, ಎಷ್ಟು ಊರು ಸುತ್ತಿ ಬಂದಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಕಾರಿಗೂ ಅಷ್ಟೇ ತಾನೇ ಅಂದುಕೊಂಡು ಹೊರಟೆ.

ಗಾಡಿ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿತ್ತು. ಪಕ್ಕದಲ್ಲಿ ದಲ್ಲಾಳಿ. ಕತ್ತಲೆಯಲ್ಲೂ ಕಪ್ಪು ಕನ್ನಡಕ.

"ಒಂದೇ ಕೈ ಗಾಡಿ ಮೇಡಂ. ಡಾಕ್ಟರ್ದು. ಭಾನುವಾರ ದೇವಸ್ಥಾನಕ್ಕೆ ಬಿಟ್ರೆ ಎಲ್ಲೂ ಹೋಗಿಲ್ಲ."

ಇದಕ್ಕೂ ಮೊದಲು ಜಾಲಹಳ್ಳಿಯಲ್ಲಿ ಒಂದು, ದಾಸರಹಳ್ಳಿಯಲ್ಲಿ ಒಂದು ನೋಡಿದ್ದೆವು. ಅವೂ ಡಾಕ್ಟರದೇ, ಅವೂ ದೇವಸ್ಥಾನಕ್ಕೇ ಹೋಗಿದ್ದವು. ಈ ಊರಿನ ಡಾಕ್ಟರುಗಳು ಇಷ್ಟು ಭಕ್ತರು ಅಂತ ನನಗೆ ಗೊತ್ತಿರಲಿಲ್ಲ.

ಅವನು ಸರ್ವೀಸಿನ ಫೈಲು ಕೊಟ್ಟ. ಮೊದಲಿನ ವರ್ಷಗಳಿಗೆಲ್ಲ ಕಂಪನಿ ಸೀಲು ಇತ್ತು, ಕೊನೆಯ ಎರಡು ವರ್ಷಕ್ಕೆ ಏನೂ ಇರಲಿಲ್ಲ. ಮಗಳು ಅದನ್ನು ಕೇಳಿದಳು. ಆಗ ಓಡಿಸಲೇ ಇಲ್ಲ, ಕವರು ಹೊದಿಸಿ ನಿಲ್ಲಿಸಿದ್ದರು ಅಂದ. ಕನ್ನಡಿ ನೋಡದೆ ನೋಡಿದೆ ಅಂದ ಶಿಷ್ಯರನ್ನು ರಸ್ತೆ ಮಧ್ಯೆ ಇಳಿಸಿ ಬೈಯುವ ಹೆಂಗಸು, ಇಲ್ಲಿ ಹೂಂ ಎಂದು ತಲೆಯಾಡಿಸಿದಳು. ಒಂದು ಕೈ ಆಗಲೇ ಕಾರಿನ ಬೆನ್ನ ಮೇಲಿತ್ತು.

ಬಾನೆಟ್ ಎತ್ತಿಸು ಅಂದೆ. ಅಜ್ಜಿಗೆ ಇಂಜಿನ್ನು ಏನು ಗೊತ್ತಾಗುತ್ತದೆ ಎಂದು ಗೊಣಗಿಕೊಂಡು ಎತ್ತಿದ. ಇಂಜಿನ್ನನ್ನು ನಾನು ನೋಡಲೂ ಇಲ್ಲ. ಮುಚ್ಚಳದ ಒಳಮೈ ನೋಡಿದೆ. ಅಲ್ಲಿ ಬಿಳಿ ಕೆಂಪು ಬಣ್ಣದಲ್ಲಿ ಬರೆದ ನಾಮ. ಅದರ ಪಕ್ಕದಲ್ಲಿ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮ. ನನಗೆ ಬೇಕಾಗಿದ್ದು ಸಿಕ್ಕಿತು.

"ಏನಪ್ಪ, ಒಂದೇ ಕೈ ಅಂದೆ. ಇಲ್ ನೋಡಿದ್ರೆ ಎರಡು ಮನೆ ದೇವ್ರು ಅವ್ರೆ" ಅಂದೆ. ಮೊದಲು ನಾಮದವರ ಮನೆ, ಆಮೇಲೆ ವಿಭೂತಿಯವರ ಮನೆ, ನಡುವೆ ಇನ್ನೆಷ್ಟೋ, ಎಂದು ಮಗಳಿಗೂ ಬಿಡಿಸಿ ಹೇಳಿದೆ.

ಅವನು ಫೋನು ತೆಗೆದು ಆರ್‌ಸಿ ತೋರಿಸಿದ. ಒಬ್ಬರದೇ ಹೆಸರು. ಬರೆಯುವವರು ಏನು ಬೇಕಾದರೂ ಬರೆಯುತ್ತಾರೆ ಅಂದೆ. ಅವನಿಗೆ ರೋಷ ಬಂತು. ಓನರನ್ನೇ ಕರೆಸುತ್ತೇನೆ, ಅವರ ಬಾಯಲ್ಲೇ ಕೇಳಿ ಎಂದು ಮೇಲಿನ ಮನೆಗೆ ಫೋನು ಮಾಡಿದ.

ಆ ಮನೆಯಾಕೆ ನೈಟಿ ಮೇಲೆ ವೇಲು ಹೊದ್ದು ಇಳಿದು ಬಂದಳು. ಗಂಡ ನಿಜವಾಗಿಯೂ ಡಾಕ್ಟರಂತೆ, ಹಲ್ಲಿನ ಡಾಕ್ಟರು. ಬಾನೆಟ್ಟಿನೊಳಗೆ ನೋಡಿ ನಕ್ಕಳು.

"ಅಯ್ಯೋ, ನಾಮ ನಮ್ಮತ್ತೆದು, ವಿಭೂತಿ ನಂದು. ಲವ್ ಮ್ಯಾರೇಜ್ ಅಮ್ಮ."

ಪ್ರತಿ ಆಯುಧಪೂಜೆಗೂ ಅತ್ತೆ ಮೊದಲು ಬಂದು ನಾಮ ತಿದ್ದುವುದು, ಇವಳು ಆಮೇಲೆ ಬಂದು ವಿಭೂತಿ ಬಳಿಯುವುದು. ಹೊರಗೆ ಹಚ್ಚಿದರೆ ಬಣ್ಣ ಹಾಳು ಎಂದು ಗಂಡ ಬೈದಿದ್ದಕ್ಕೆ ಜಗಳವನ್ನು ಬಾನೆಟ್ಟಿನ ಒಳಗೆ ಇಟ್ಟುಕೊಂಡಿದ್ದರು. ಒಂದೇ ಕೈ, ಒಂದೇ ಮನೆ. ನನ್ನ ಹಸುವಿನ ವಿದ್ಯೆ ಮಣ್ಣಾಯಿತು. ಮಗಳು ನನ್ನನ್ನು ನೋಡಿದ ನೋಟ ಹೇಳುವ ಹಾಗಿಲ್ಲ. ದಲ್ಲಾಳಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ತಪ್ಪಾಯಿತು ಅನ್ನುವ ಅಭ್ಯಾಸ ನನಗಿಲ್ಲ. ಅದಕ್ಕೆ ಮಾತು ಬದಲಿಸಲು ಅತ್ತೆ ಹೇಗೆ ಅಂತ ಕೇಳಿದೆ.

ಅಷ್ಟು ಸಾಕಾಯಿತು. ಸಾರಿಗೆ ಬೆಲ್ಲ ಹಾಕುವುದು, ಬಿಸಿನೀರು ಮುಗಿಸುವುದು, ಮಂಗಳವಾರ ಉಗುರು ಕತ್ತರಿಸಬಾರದು, ಶನಿವಾರ ಪೊರಕೆ ತರಬಾರದು, ಎಲ್ಲ ಬಂತು. ನಾನೂ ನನ್ನ ಅತ್ತೆಯದು ನಾಲ್ಕು ಸೇರಿಸಿದೆ. ದಲ್ಲಾಳಿ ಎರಡು ಸಲ ಕೆಮ್ಮಿದ. ಅವಳಿಗೆ ಕೇಳಿಸಲಿಲ್ಲ.

"ಇದೇ ಗಾಡಿ ವಿಷಯಾನೇ ನೋಡಿ" ಅಂದಳು. "ಮಳೆ ಜೋರಾಗಿದೆ, ಕಾರು ಮೇಲಕ್ಕೆ ತೆಗೀರಿ ಅಂತ ವಾಚ್‌ಮನ್ ಬಾಗಿಲು ಬಡಿದ. ಇವತ್ತು ಅಮಾವಾಸ್ಯೆ, ಗಾಡಿ ಮುಟ್ಟಬೇಡಿ ಅಂದ್ರು ನಮ್ಮತ್ತೆ. ಬೆಳಿಗ್ಗೆ ನೀರು ಇಳಿದ ಮೇಲೆ ಬಂದು ನೋಡಿದ್ರೆ ಸೀಟ್ ಮೇಲೆ ಕಪ್ಪೆ ಕೂತಿತ್ತು."

ದಲ್ಲಾಳಿ ಮೇಲಿನ ಪೈಪುಗಳನ್ನು ನೋಡುತ್ತ ನಿಂತ.

ಏನು ಹೇಳಿಬಿಟ್ಟೆ ಎಂದು ಆಕೆಗೆ ಆಗ ಹೊಳೆಯಿತು. ಇನ್ಶೂರೆನ್ಸ್ ಕಟ್ಟುವುದು ಮರೆತಿದ್ದರಂತೆ. ಕಂಪನಿಯವರು ಹೇಳಿದ ಖರ್ಚು ಕೇಳಿ ಹೊರಗಡೆ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರಂತೆ. ಫೈಲಿನಲ್ಲಿ ಸೀಲು ಇಲ್ಲದಿದ್ದ ಎರಡು ವರ್ಷ ಅದೇ. ಆದರೂ ಈಗ ಚೆನ್ನಾಗಿಯೇ ಓಡುತ್ತದೆ, ಬೇಕಾದರೆ ಒಂದು ರೌಂಡು ಹೋಗಿ ಬನ್ನಿ ಎಂದು ಕೀ ಕೊಟ್ಟಳು.

ನಾನು ಬೇಡ ಅನ್ನುವಷ್ಟರಲ್ಲಿ ಮಗಳು ಸ್ಟೇರಿಂಗ್ ಹಿಡಿದಾಗಿತ್ತು. ನಾನೂ ಹತ್ತಿದೆ, ಹತ್ತಿದೆ ಅನ್ನುವುದಕ್ಕಿಂತ ಇಳಿದೆ. ಸೀಟು ಅಷ್ಟು ಕೆಳಗೆ.

ಸರ್ವೀಸ್ ರಸ್ತೆಗೆ ಬಂದೆವು. ಮಗಳು ಎಡಕ್ಕೆ ಇಂಡಿಕೇಟರ್ ಹಾಕಿದಳು, ವೈಪರು ಆಡಿತು. ವೈಪರು ನಿಲ್ಲಿಸಿದಳು, ಹಾಡು ಶುರುವಾಯಿತು. ಕಿಟಕಿ ಇಳಿಸಲು ಗುಂಡಿ ಒತ್ತಿದರೆ ತಲೆ ಮೇಲಿನ ಟಾಪು ಅರ್ಧ ಎದ್ದು ಹಾಗೇ ನಿಂತಿತು. ನೆತ್ತಿ ಸುಡುವ ಬಿಸಿಲು. ಫ್ಲೈಓವರಿನ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದೆವು. ಪಕ್ಕದ ಆಟೋದವನು ಬಗ್ಗಿ ನಮ್ಮನ್ನು ನೋಡಿದ. "ಏನ್ ಮೇಡಂ, ಅಜ್ಜೀನ ಒಣಗಾಕಕ್ಕೆ ಕರ್ಕೊಂಡೋಗ್ತಿದೀರಾ?" ಅಂದ. ನಿನ್ನ ಮೀಟರು ನೋಡಿಕೋ ಹೋಗು ಅಂದೆ.

ಸಿಗ್ನಲ್ ಬಿಟ್ಟಿತು. ಮುಂದೆ ಒಂದು ತುಂಡು ರಸ್ತೆ ಖಾಲಿ ಸಿಕ್ಕಿತು. ಮಗಳು ಒತ್ತಿದಳು. ನನ್ನ ಹೊಟ್ಟೆ ಆ ಸಿಗ್ನಲ್ಲಿನಲ್ಲೇ ಉಳಿದುಹೋಯಿತು. ಅವಳು ನಗುತ್ತಿದ್ದಳು. ಹಲ್ಲೆಲ್ಲ ಕಾಣುವ ಹಾಗೆ ಅವಳು ನಕ್ಕಿದ್ದನ್ನು ನೋಡಿ ನನಗೆ ಎಷ್ಟೋ ಕಾಲವಾಗಿತ್ತು. ಮುಗಿಯಿತು, ಕೊಂಡೇಬಿಡುತ್ತಾಳೆ ಅಂದುಕೊಂಡೆ.

ವಾಪಸ್ ಬಂದಾಗ ದಲ್ಲಾಳಿ ಓಡಿ ಬಂದ. ಡಾಕ್ಟರ ಜೊತೆ ಮಾತಾಡಿದ್ದೇನೆ, ಅರ್ಧ ಬೆಲೆಗೆ ಕೊಡುತ್ತಾರೆ, ಇವತ್ತೇ ತಗೊಂಡು ಹೋಗಿ ಅಂದ. ಮಗಳು ಇಳಿಯಲಿಲ್ಲ. ಇಂಜಿನ್ ಆರಿಸಿದರೂ ಹಾಡು ಬರುತ್ತಲೇ ಇತ್ತು. ದುಡ್ಡು ಅವಳದು, ಆಸೆಯೂ ಅವಳದು. ಇಷ್ಟು ಹೊತ್ತು ನಾನು ಮಾತಾಡಿ ಕಡಿದಿದ್ದೂ ಅಷ್ಟರಲ್ಲೇ ಇತ್ತು.

ಅವಳು ಹಾಡು ನಿಲ್ಲಿಸಲು ಇನ್ನೊಂದು ಗುಂಡಿ ಒತ್ತಿದಳು. ಹಾರ್ನು ಹೊಡೆದುಕೊಂಡಿತು. ಕೀ ತೆಗೆದು, ಇಳಿದು, ಅವನ ಕೈಗೆ ಇಟ್ಟಳು.

"ಬೇಡಪ್ಪ. ಹೇಳಿದ್ದು ಕೇಳದೋರ ಜೊತೆ ಇರೋದಕ್ಕೆ ನಂಗೆ ದಿನಾ ಸಂಬಳ ಕೊಡ್ತಾರೆ. ಅಂಥದಕ್ಕೆ ನಾನೇ ದುಡ್ಡು ಕೊಡಲ್ಲ."

ದಲ್ಲಾಳಿ ಇನ್ನೂ ಸ್ವಲ್ಪ ಇಳಿಸಿದ. ಅವಳು ತಿರುಗಿ ನೋಡಲಿಲ್ಲ. ನನಗೆ ಸೀಟಿನಿಂದ ಏಳಲು ಆಗದೆ ಅವನೊಂದು ಕೈ, ಮನೆಯಾಕೆ ಒಂದು ಕೈ ಹಿಡಿದು ಎಳೆದರು. ಅತ್ತೆ ಮೇಲೆ ಇದ್ದಾರೆ, ಕಾಫಿ ಕುಡಿದು ಹೋಗಿ ಎಂದು ಆಕೆ ಕರೆದಳು. ಬೇಡ ಅಂದೆ.

ಗೇಟಿನ ಹತ್ತಿರ ಮಗಳು ಆಗಲೇ ಫೋನು ನೋಡುತ್ತಿದ್ದಳು. ಕಣ್ಣು ಸ್ವಲ್ಪ ಕೆಂಪಾಗಿತ್ತು. ಯಶವಂತಪುರದಲ್ಲಿ ಇನ್ನೊಂದು ಇದೆ, ಈಗಲೇ ಹೋಗೋಣವಾ ಅಂದಳು. ಊಟ ಮಾಡಿ ಹೋಗೋಣ ಅಂದೆ.