ಪೇಟಿಗೆ ಹತ್ತಿದ ಖಾರ

ಆಗ ನನಗೆ ಅರವತ್ತೊಂದು. ಆರು ವರ್ಷದ ಹಿಂದಿನ ಮಾತು. ಮೆಣಸಿನಕಾಯಿಯ ಖಾರ ಸಾಬೂನಿಗೆ ಹೋಗುವುದಿಲ್ಲ ಎಂಬುದು ನಿಮಗೂ ಗೊತ್ತಿರುವ ಸಂಗತಿಯೇ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಹೊಗಳುವವರು ನಲವತ್ತು ವರ್ಷ ಕುಂತು ಅದರ ತೊಟ್ಟು ಮುರಿದವರಲ್ಲ. ನಾನು ಮುರಿದವಳು. ಎರಡನೇ ಇಯತ್ತೆಗೇ ಪಾಟಿ ಕೆಳಗಿಟ್ಟವಳಿಗೆ ಬೇರೆ ವಿದ್ಯೆ ಎಲ್ಲಿಯದು? ಕಾಯಿಯ ಧೂಳು ಕುಡಿದೂ ಕುಡಿದೂ ಎದೆಗೆ ದಮ್ಮು ಸೇರಿತು. ರಾಣೆಬೆನ್ನೂರಿನ ಡಾಕ್ಟರು ಧೂಳು ಬಿಡು ಎಂದರು. ಬಿಟ್ಟು ಏನು ತಿನ್ನಲಿ ಎಂಬುದಕ್ಕೆ ಅವರಲ್ಲಿ ಗುಳಿಗೆ ಇರಲಿಲ್ಲ.

ನನ್ನಲ್ಲಿ ಇದ್ದದ್ದು ಅಪ್ಪನ ಪೇಟಿ ಒಂದೇ. ಅವನು ಭಜನೆಗೆ ಆ ಹಾರ್ಮೋನಿಯಂ ಬಾರಿಸುವಾಗ ಪಕ್ಕದಲ್ಲಿ ಕುಂತು ಕಲಿತಿದ್ದೆ. ಸ್ವರ ಬರೆಯಲು ಬಾರದು, ಕಿವಿ ಮಾತ್ರ ತಪ್ಪುವುದಿಲ್ಲ. ಕಲಿಸುತ್ತೇನೆ ಎಂದಾಗ ಓಣಿಯ ಮೂರು ಮಕ್ಕಳು ಬಂದವು. "ಮೇಡಂ" ಎಂದು ಕರೆದರೆ ಯಾರನ್ನೋ ಎಂದು ಹಿಂದೆ ನೋಡುತ್ತಿದ್ದೆ. ಮೂರು ಮಕ್ಕಳಿಂದ ಒಲೆ ಹತ್ತುವುದಿಲ್ಲವಾದ್ದರಿಂದ ಬೆಳಿಗ್ಗೆ ಕಾಯಿ, ಸಂಜೆ ಪೇಟಿ. ಮಕ್ಕಳು ಹತ್ತಾದ ದಿನ ಕಾಯಿ ಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಎಂಟನೇ ದಿನ, ನಾನು ಒತ್ತಿ ತೋರಿಸಿದ ಬಿಳಿ ಮನೆಯ, ಅಂದರೆ ಪೇಟಿಯ ಬಿಳಿ ಕೀಲಿಯ, ಮೇಲೇ ಬೆರಳಿಟ್ಟು 'ಸಾ' ಹಿಡಿದಿದ್ದ ಪುಟ್ಟ ಗಿರಿಜಾ, ಸೆಕೆಗೆ ಅದೇ ಬೆರಳಿನಿಂದ ಕಣ್ಣು ಒರೆಸಿಕೊಂಡಳು. ಅವಳು ಕಿರುಚಿದ ಶ್ರುತಿ ಯಾವ ಪೇಟಿಯಲ್ಲೂ ಇಲ್ಲ. ತಾಯಿ ಶಂಕ್ರವ್ವ ಓಡಿ ಬಂದಳು.

"ಪೇಟಿ ಕಲಸಾಕತ್ತೀಯೋ, ಖಾರಾ ಅರಿಯಾಕತ್ತೀಯೋ?"

"ಕೈ ತೊಳದಿದ್ನೆವ್ವಾ, ಎರಡ ಸಲ."

"ತೊಳದ್ರ ಹೊಕ್ಕೈತೇನ ಅದು? ನಲವತ್ತ ವರ್ಸ ಅದ್ರಾಗ ಕುಂತೀದಿ, ಇಷ್ಟೂ ತಿಳೀಲಿಲ್ಲೇನ? ನಾಳಿಂದ ಕಳ್ಸೂದಿಲ್ಲ ನೋಡ!"

ಉಳಿದಿಬ್ಬರ ತಾಯಂದಿರೂ ಬಾಗಿಲಲ್ಲಿ ನಿಂತು ಕೇಳಿದರು, ತಮ್ಮ ಮಕ್ಕಳ ಕೈ ಹಿಡಿದು ಹೋದರು. ಎದೆ ತಿಂದ ಕಾಯಿ ಈಗ ತಪ್ಪಿಸಿಕೊಳ್ಳುವ ದಾರಿಯನ್ನೂ ತಿಂದಿತ್ತು. ಎಣ್ಣೆಬಟ್ಟೆ ತಗೊಂಡು ಪೇಟಿಯ ಮನೆಗಳನ್ನು ಒಂದೊಂದಾಗಿ ಒರೆಸಿದೆ. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೂ ಒರೆಸಿದೆ. ಪೇಟಿಯಲ್ಲಿ ಎಡಗೈಯ ಕೆಲಸ ಹಿಂದೆ ಕುಂತು ಗಾಳಿ ಹಾಕುವುದಷ್ಟೇ. ಮಕ್ಕಳ ಬೆರಳು ಬೀಳುವ ಜಾಗವನ್ನು ಮುಟ್ಟುವುದು ಬಲಗೈ ಒಂದೇ. ಈ ಬುದ್ಧಿ ಒಂದು ವಾರ ಮೊದಲು ಬರಬೇಕಿತ್ತು.

ಮರುದಿನ ಬೆಳಿಗ್ಗೆ ಬಲಗೈಗೆ ಪ್ಲಾಸ್ಟಿಕ್ ಚೀಲ ಹಾಕಿ, ಹಲ್ಲಿನಿಂದ ದಾರ ಎಳೆದು ಬಿಗಿಯಾಗಿ ಕಟ್ಟಿಕೊಂಡು, ಕಾಯಿಯ ರಾಶಿಯ ಮುಂದೆ ಕುಂತೆ. ಎಡಗೈ ಒಂದರಿಂದಲೇ ತೊಟ್ಟು ಮುರಿಯತೊಡಗಿದೆ.