ಆಯಿಯ ಎಡೆಯಲ್ಲಿ ಎರಡು ಲೋಟ

ಹಿರಿಯರ ಹಬ್ಬದ ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು ದೇವರ ಮನೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಆಯಿಯ ಫೋಟೋ ಮುಂದೆ ಎಡೆ ಇಟ್ಟಿತ್ತು. ಹೋಳಿಗೆ, ಕಡಬು, ಪುಂಡಿ ಪಲ್ಯ, ಜೋಳದ ರೊಟ್ಟಿ. ಪಕ್ಕದಲ್ಲಿ ಎರಡು ಸ್ಟೀಲ್ ಲೋಟ, ಎರಡರಲ್ಲೂ ಕೆಂಪು ವೈನ್. ಬಗ್ಗಿ ನೋಡುವ ಮೊದಲೇ ವಾಸನೆಯಿಂದ ಗುರುತು ಸಿಕ್ಕಿತು. ಅವು ನನ್ನವು.

ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ರಾಜ್ಯದ ಗಡಿಯಾಚೆಯ ಒಂದು ವೈನ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ತರಬೇತಿಗೆ ಸೇರಿದ್ದೆ. ಕರಜಗಿಯ ನಮ್ಮ ಮನೆಯಲ್ಲಿ ಅದು ‘ದ್ರಾಕ್ಷಿ ಕಾರ್ಖಾನೆ’ ಎಂದಷ್ಟೇ ಗೊತ್ತಿತ್ತು. ಅವರು ಮುಂದೆ ಕೇಳಲಿಲ್ಲ, ನಾನು ಹೇಳಲಿಲ್ಲ. ಕುಡಿಯುವವನೆಂದು ಗೊತ್ತಾದರೆ ಅಪ್ಪ ಅವನನ್ನು ಕಬ್ಬು ಕಡಿಯುವುದಕ್ಕೂ ಕರೆಯುವುದಿಲ್ಲ. ಮಗಳು ವೈನ್ ರುಚಿ ನೋಡುವ ಕೆಲಸಕ್ಕೆ ಸೇರಿದ್ದಾಳೆಂದು ತಿಳಿದರೆ ಆ ಕೆಲಸ ಅಂದಿಗೇ ಮುಗಿಯುತ್ತಿತ್ತು.

ಹಬ್ಬ ಮುಗಿಸಿ ಹೋದೊಡನೆ ನನಗೊಂದು ಪರೀಕ್ಷೆ ಇತ್ತು. ಹೆಸರು ಬರೆಯದ ಗ್ಲಾಸುಗಳಿಂದ ವೈನ್ ಸವಿದು ಯಾವುದು ಎಲ್ಲಿಯದೆಂದು ಹೇಳಬೇಕು. ಪಾಸಾದರೆ ಕೆಲಸ ಕಾಯಂ. ಫ್ರಾನ್ಸಿನ ಬೋರ್ಡೋ ಮತ್ತು ಇಟಲಿಯ ಕಿಯಾಂಟಿ, ಇವೆರಡನ್ನು ನಾನು ಪದೇ ಪದೇ ಅದಲುಬದಲು ಮಾಡುತ್ತಿದ್ದೆ. ಹಾಗಾಗಿ ಮೇಲಧಿಕಾರಿ ಅಭ್ಯಾಸಕ್ಕೆಂದು ಒಂದೊಂದು ಬಾಟಲಿ ಕೊಟ್ಟು ಕಳಿಸಿದ್ದರು. ಮನೆಯಲ್ಲಿ ಕತ್ತಲೂ ತಂಪೂ ಆದ ಜಾಗವೆಂದರೆ ಜೋಳ ತುಂಬಿದ ತಗಡಿನ ಡಬ್ಬ. ಕಾಳಿನೊಳಗೆ ಹೂತಿಟ್ಟಿದ್ದೆ.

"ಯವ್ವ, ಇವು ಎಲ್ಲಿ ಸಿಕ್ಕವು?" ಎಂದು ಕೇಳಿದೆ.

ಅವ್ವ ಊದಿನಕಡ್ಡಿ ಹಚ್ಚುತ್ತಿದ್ದಳು. "ಜೋಳದ ಡಬ್ಬ್ಯಾಗ. ಪ್ರತಿ ವರ್ಷ ನಿಮ್ಮಪ್ಪ ಅಲ್ಲೇ ಇಡ್ತಾರಲ್ಲ. ಈ ಸಲ ಭಾರಿ ಮಾಲು ತಂದಾರ, ಅದೂ ಎರಡು."

"ಅಪ್ಪ ಪ್ರತಿ ವರ್ಷ ಇಡ್ತಾನಾ? ಯಾಕ?"

"ಯಾಕಂದ್ರ? ನಿಮ್ಮ ಆಯಿಗೆ ಬೇಕಲ್ಲ ಬೇ."

ಆಯಿ ಎಂದರೆ ಅಪ್ಪನ ತಾಯಿ. ಹಣೆ ತುಂಬ ವಿಭೂತಿ. ಎದುರು ಮನೆಯವನು ಕುಡಿದು ಬಂದರೆ ನಮ್ಮ ಬಾಗಿಲು ಹಾಕಿಸುತ್ತಿದ್ದವಳು. ಪ್ರತಿ ಹಬ್ಬಕ್ಕೂ ಅವಳ ಎಡೆಯಲ್ಲಿ ಎಲೆ ಮುಚ್ಚಿದ ಒಂದು ಲೋಟ ಇರುತ್ತಿತ್ತು. ಪೂಜೆಯಾದ ಮೇಲೆ ಅವ್ವ ಅದನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ನಾನು ಬೆಲ್ಲದ ಪಾನಕ ಎಂದುಕೊಂಡಿದ್ದೆ.

"ಅವರ ತವರು ಜೇವರ್ಗಿ ಕಡೀದು," ಅವ್ವ ಸಂತೆಯ ಬೆಲೆ ಹೇಳುವಷ್ಟೇ ಸರಾಗವಾಗಿ ಹೇಳಿದಳು. "ಬದುವಿಗೆಲ್ಲ ಈಚಲ ಗಿಡ. ಸಣ್ಣಾಕಿ ಇದ್ದಾಗಿಂದ ಸೇಂದಿ ಕುಡದವರು. ಇಲ್ಲಿಗೆ ಬಂದ ಮ್ಯಾಲೂ ಸಂಜಿಗೊಂದು ಲೋಟ ಬಿಡ್ಲಿಲ್ಲ. ನಿನ್ನ ಮುಂದ ಮಜ್ಜಿಗಿ ಅಂತಿದ್ರು."

ಆ ಮಜ್ಜಿಗೆ ನನಗೆ ನೆನಪಿತ್ತು. ಬೆಳ್ಳಗಿನದು, ಹುಳಿ ವಾಸನೆಯದು. ಆಯಿಯ ಮಜ್ಜಿಗೆ ಮುಟ್ಟಬೇಡ, ಅದು ಮಡಿ ಎಂದು ಇದೇ ಅವ್ವ ನನ್ನ ಕೈ ಸರಿಸಿದ್ದಳು.

"ಯಾವ್ದು ಸೇರ್ತದೋ ಏನೋ ಅಂತ ಎರಡೂ ತಗದೆ. ಬಿರಡಿ ಹೊರಗ ಬರವಲ್ದಾತು, ಸೌಟಿನ ಹಿಡೀಲೆ ಒಳಗ ತುರುಕಿದೆ."

"ಬಾಟ್ಲಿ ಎಲ್ಲಿ ಅದಾವ?"

"ಹೊರಗ ಇಟ್ಟೀನಿ. ಒಂದರ ಮ್ಯಾಲ ಹುಂಜದ ಚಿತ್ರ ಅದ. ಹುಂಜ ದೇವರ ಮನಿಯೊಳಗ ಹ್ಯಾಂಗ ತರ್ಲಿ?"

ಅಷ್ಟರಲ್ಲಿ ಅಪ್ಪ ಬಂದ. ಹಿಂದಿನ ದಿನವೇ ಆಳಂದ ತಾಲೂಕಿನ ಮಟಕಿಗೆ ತಂಗಿಯನ್ನು ಮಾತಾಡಿಸಲು ಹೋಗಿದ್ದವನು. ಹಬ್ಬದ ಮುಂಚೆ ಅವನು ತಪ್ಪದೆ ಅಲ್ಲಿಗೆ ಯಾಕೆ ಹೋಗುತ್ತಿದ್ದನೆಂದು ನನಗೆ ಆಗ ಹೊಳೆಯಿತು. ಅಫಜಲಪುರದ ಮದ್ಯದ ಅಂಗಡಿಯ ಮುಂದೆ ನಿಂತರೆ ಗುರುತಿನವರು ನೋಡುತ್ತಾರೆ. ದಾರಿಯ ಆಳಂದದಲ್ಲಿ ಅಂಥವರು ಯಾರೂ ಇಲ್ಲ. ಅಪ್ಪ ಲೋಟಗಳನ್ನು ನೋಡಿದ.

"ಇವನ್ನ ಯಾರು ತಂದ್ರು?"

"ನೀವಲ್ಲೇನ್ರಿ?"

ಅಪ್ಪ ಕೈಚೀಲದಿಂದ ಪೇಪರಿನಲ್ಲಿ ಸುತ್ತಿದ ಸಣ್ಣ ಶೀಸೆ ತೆಗೆದ. "ನಂದು ಇಲ್ಲೇ ಅದ."

ಇಬ್ಬರೂ ನನ್ನ ಕಡೆ ತಿರುಗಿದರು. ಹೇಳದೆ ಉಳಿಯಲು ಜಾಗವಿರಲಿಲ್ಲ.

"ನನ್ನವು. ನಮ್ಮ ಕಾರ್ಖಾನ್ಯಾಗ ವೈನ್ ಮಾಡ್ತಾರ. ರುಚಿ ನೋಡೂದು ನನ್ನ ಕೆಲಸ."

ಅಪ್ಪ ಹೊಸ್ತಿಲ ಮೇಲೆ ಕೂತ. ಶೀಸೆ ಕೈಯಲ್ಲೇ ಇತ್ತು. "ಕುಡೀತಿಯೇನು?"

"ಇಲ್ಲಪ್ಪ. ಬಾಯಾಗ ಹಾಕ್ಕೊಂಡು ಉಗುಳ್ತೇನಿ."

"ಉಗುಳ್ತಿ?" ಇದು ಅವನಿಗೆ ಮೊದಲಿನದಕ್ಕಿಂತ ದೊಡ್ಡ ಪೆಟ್ಟಾದಂತೆ ಕಂಡಿತು. "ಉಗುಳಾಕ ಪಗಾರ ಕೊಡ್ತಾರ?"

"ನಿಮ್ಮವ್ವ ಒಂದು ಹನಿ ಚೆಲ್ಲಿದವರಲ್ಲ," ಎಂದಳು ಅವ್ವ, ಅರ್ಧ ಅಪ್ಪನಿಗೆ, ಅರ್ಧ ಫೋಟೋಗೆ.

ಅಪ್ಪ ಲೋಟಗಳತ್ತ ಗದ್ದ ಎತ್ತಿದ. "ಎರಡೂ ಕೆಂಪೇ ಅದಾವ. ಯಾವ್ದು ಯಾವ್ದಂತ ಹೇಳು. ಬರ್ಲಿಲ್ಲಂದ್ರ ನಾಳಿ ಬ್ಯಾಗ್ ಕಟ್ಟಬ್ಯಾಡ."

ಮಂಗಳಾರತಿಯಾಯಿತು. ಎಡೆ ಎತ್ತಿದ ಕೂಡಲೇ ಅವ್ವ ರೂಢಿಯಂತೆ ಹೋಳಿಗೆಯ ಚೂರು ನನ್ನ ಬಾಯಿಗಿಟ್ಟಳು. ಬೇಡವೆನ್ನುವಂತಿರಲಿಲ್ಲ. ಬೆಲ್ಲದ ಮೇಲೆ ವೈನಿನ ಮೊದಲ ಗುಟುಕು ಬರೀ ಕಹಿಯಾಯಿತು. ಉಗುಳಲು ಹಿತ್ತಲಿಗೆ ಹೊರಟೆ.

"ಎಡೀದು ಉಗುಳ್ತಿಯೇನು ಬೇ?" ಅವ್ವ ಅಡ್ಡ ನಿಂತಳು.

ಅಪ್ಪನೂ ತಲೆ ಅಲ್ಲಾಡಿಸಿದ. ಹಿರಿಯರ ಪ್ರಸಾದ ಉಗುಳುವುದಿಲ್ಲ. ಹೀಗೆ ಅಪ್ಪನ ಎದುರು, ಅವನ ಒಪ್ಪಿಗೆಯ ಮೇಲೆಯೇ, ನಾನು ವೈನ್ ನುಂಗಿದೆ. ಕಿವಿ ಬಿಸಿಯಾದವು.

ಒಣ ರೊಟ್ಟಿ ಅಗಿದು ನೀರು ಕುಡಿದು ಮತ್ತೆ ಶುರು ಮಾಡಿದೆ. ಪ್ರಯೋಗಾಲಯದಲ್ಲಿ ಗಾಜಿನ ಗ್ಲಾಸನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ ಅರ್ಧ ತೀರ್ಮಾನ ಮಾಡಿಬಿಡುತ್ತಿದ್ದೆ. ಸ್ಟೀಲ್ ಲೋಟದಲ್ಲಿ ಬಣ್ಣಕ್ಕೆ ಏನೂ ಹೇಳಲಾಗಲಿಲ್ಲ. ಮೂಗು, ನಾಲಿಗೆ ಎರಡೇ ಉಳಿದವು.

ಬಲಗಡೆಯದರಲ್ಲಿ ಮೊದಲು ಕಳಿತ ನೇರಳೆ, ಅದರ ಹಿಂದೆ ಆಗಷ್ಟೇ ಚೂಪು ಮಾಡಿದ ಪೆನ್ಸಿಲ್ಲಿನ ವಾಸನೆ. ಅದು ಓಕ್ ಪೀಪಾಯಿಯದು. ನಾಲಿಗೆಯ ನಡುವೆ ಭಾರವಾಗಿ ಕೂತು, ಜಾಲಿ ಕಡ್ಡಿ ಅಗಿದಂತೆ ಒಸಡು ಬಿಗಿಯಿತು. ಆ ಬಿಗಿ ಬೇಗ ಬಿಡಲಿಲ್ಲ. ಎಡಗಡೆಯದೂ ಒಸಡು ಹಿಡಿಯಿತು. ನಾನು ಮೋಸ ಹೋಗುತ್ತಿದ್ದುದು ಇಲ್ಲೇ. ಆದರೆ ಇದರ ಮೈ ತೆಳು. ಕವಳಿ ಹಣ್ಣಿನ ಹುಳಿ, ಒಣಗಿದ ಟೊಮ್ಯಾಟೊ, ಒಂಚೂರು ನೆನೆದ ಮಣ್ಣು. ನುಂಗಿದ ಮೇಲೆ ನಾಲಿಗೆಯ ಎರಡೂ ಬದಿಗೆ ನೀರೂರಿತು. ತುತ್ತು ಪುಂಡಿ ಪಲ್ಯ ತಿಂದು ಗುಟುಕು ಹಾಕಿದಾಗ ಪಲ್ಯದ ಹುಳಿಯೆದುರು ವೈನಿನ ಹುಳಿ ಇಳಿದು ಹಣ್ಣು ಮೇಲೆ ಬಂತು. ಬಲಗಡೆಯದು ಪಲ್ಯದ ಜೊತೆ ಕಹಿಯಾಗಿ ಮುರುಟಿತು.

ನುಂಗದೆ ಉಗುಳುತ್ತಿದ್ದರೆ ಆ ಕೊನೆಯ ರುಚಿ ನನಗೆ ಸಿಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

"ಬಲಕ್ಕ ಫ್ರಾನ್ಸಿಂದು, ಎಡಕ್ಕ ಇಟಲೀದು."

"ಅದೆಲ್ಲ ನನಗ ತಿಳಿಯಂಗಿಲ್ಲ," ಎಂದಳು ಅವ್ವ. "ಸುರುವಿದಾಕಿ ನಾ. ಚಿತ್ರ ಯಾವ್ದು ಹೇಳು."

"ಬಲಕ್ಕ ಅರಮನಿಯಂಥ ದೊಡ್ಡ ವಾಡೇದ ಚಿತ್ರ ಇದ್ದದ್ದು. ಎಡಕ್ಕ ಹುಂಜ."

ಅವ್ವ ಅಪ್ಪನ ಮುಖ ನೋಡಿದಳು. "ಖರೇ ಅದರಿ."

ಅಪ್ಪ ಎದ್ದು ತನ್ನ ಶೀಸೆಯನ್ನು ಮತ್ತೆ ಪೇಪರಿನಲ್ಲಿ ಸುತ್ತಿದ. ಬ್ಯಾಗಿನ ಮಾತು ಎತ್ತಲಿಲ್ಲ. ಊಟದಲ್ಲಿ ಒಮ್ಮೆ ಮಾತ್ರ ಕೇಳಿದ: "ನಮ್ಮವ್ವಗ ಯಾವ್ದು ಸೇರ್ತಿತ್ತು?"

"ಹುಂಜದ್ದು. ಪುಂಡಿ ಪಲ್ಯ ಇಲ್ಲದಂಗ ಆಯಿ ಉಂಡದ್ದು ನಾ ನೋಡಿಲ್ಲ."

ಮರುದಿನ ಬೆಳಗ್ಗೆ ಬ್ಯಾಗು ಕಟ್ಟಬೇಕೋ ಬೇಡವೋ ತಿಳಿಯದೆ ಕೂತಿದ್ದೆ. ಅಪ್ಪ ಹೊರಗೆ ಬೈಕ್ ಚಾಲೂ ಮಾಡಿದ ಸದ್ದು ಕೇಳಿಸಿತು. ಅಫಜಲಪುರದ ಬಸ್ ಸ್ಟ್ಯಾಂಡಿನ ತನಕ ಅವನೇ ಕರೆದುಕೊಂಡು ಬಂದ. ಬಸ್ಸು ಬಂದ ಮೇಲೆ ಬ್ಯಾಗು ಕೈಗೆ ಕೊಡುತ್ತ, ನನ್ನನ್ನಲ್ಲ, ಬಸ್ಸಿನ ಬೋರ್ಡನ್ನು ನೋಡುತ್ತ ಹೇಳಿದ:

"ಮುಂದಿನ ವರ್ಷ ನಾ ಆಳಂದಕ್ಕ ಹೋಗಂಗಿಲ್ಲ. ಆ ಅಂಗಡಿ ಮುಂದ ನಿಂದ್ರಾಕ ನಾಚಿಕಿ ಆಗ್ತದ. ನೀನೇ ತಗೊಂಬಾ. ಹುಂಜದ ಚಿತ್ರ ಮಾತ್ರ ಹರದು ತಾ."