ಪರೇಜದ ಚೀಟಿ

ಮುಡಬಿಯ ಶಕುಂತಲಾಬಾಯಿ ಏಳು ವರ್ಷ ಒಬ್ಬನ ಮೇಲೆ ಹಲ್ಲು ಮಸೆದವಳು. ಬಸವಕಲ್ಯಾಣದ ಕಡೆಯ ಕ್ಯಾನ್ಸರ್ ರೋಗಿಗಳನ್ನು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ಯುವವಳೂ ಅವಳೇ. ಪುಣ್ಯಕ್ಕಲ್ಲ, ಸೇಡಿಗೆ ಎನ್ನುತ್ತಾಳೆ.

ಆಕೆಯ ತಂಗಿ ದೀಪಾಲಿಯನ್ನು ಹುಮನಾಬಾದ್ ಹತ್ತಿರದ ಹುಡಗಿ ಊರಿಗೆ ಕೊಟ್ಟಿದ್ದರು. ಸ್ತನದ ಗಡ್ಡೆಗೆ ಕೀಮೋ ನಡೆದಿತ್ತು. ನಾಲ್ಕು ಸಲದ ಮೇಲೆ ಗಡ್ಡೆ ಕರಗುವುದು ನಿಂತಿತು. ತೊಗರಿ ಬೆಳೆಯುವವರಿಗೆ ತಿಳಿಯುವ ಹಾಗೆ ಡಾಕ್ಟರು ಹೇಳಿದರು: "ಒಂದೇ ಎಣ್ಣಿ ಹೊಡದ್ರ ಹುಳಕ್ಕ ರೂಢಿ ಆಗ್ತದ, ಸಾಯಂಗಿಲ್ಲ. ಇದೂ ಹಂಗೇ. ದವಾ ಬದಲ್ ಮಾಡೋಣು. ಹೊಸದು ಮರದ ತೊಗಟಿಯಿಂದ ಬಂದದ್ದು."

ಅಷ್ಟರಲ್ಲಿ ಹುಮನಾಬಾದಿನ ನಾರುಬೇರಿನ ಅಂಗಡಿಯ ತುಳಜಾರಾಮ ಸಿಕ್ಕ. ಅರಿಸಿನದ ಸಾರ ಮೊಂಡು ಕ್ಯಾನ್ಸರನ್ನು ಔಷಧಿಗೆ ಬಗ್ಗಿಸಿತೆಂಬ ಪತ್ರಿಕೆಯ ತುಣುಕು ಅವನ ಬಳಿಯಿತ್ತು. ಅದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ನಡೆದದ್ದು ಎಂಬ ಸಾಲನ್ನು ಮಾತ್ರ ನುಂಗಿ ಓದುತ್ತಿದ್ದ. ಕಷಾಯ ಕೊಟ್ಟು ಪರೇಜದ ಚೀಟಿ ಬರೆದ: ಬದನೆಕಾಯಿ, ಹುಣಸೆಹುಳಿ, ಸಲಾಯಿನ್.

ನಮ್ಮಲ್ಲಿ ಪಥ್ಯಕ್ಕೆ ಪರೇಜ ಎನ್ನುತ್ತಾರೆ. ಹಿಡಿದವರು ಮುರಿಯುವುದಿಲ್ಲ. ಕೀಮೋಗೂ ಎಲ್ಲರೂ ಸಲಾಯಿನ್ ಎಂದೇ ಅನ್ನುವುದು. ದೀಪಾಲಿ ಬದನೆಕಾಯಿ ಬಿಟ್ಟಷ್ಟೇ ನಿಷ್ಠೆಯಿಂದ ಅದನ್ನೂ ಬಿಟ್ಟಳು. ನಾಲ್ಕು ತಿಂಗಳಿಗೆ ತೀರಿಕೊಂಡಳು.

ಅಕ್ಕ ಹೋಗಿ ಕೇಳಿದಳು. "ಪರೇಜ ಮುರದಿರಬೇಕ್ರಿ ಆಕಿ," ಎಂದ ತುಳಜಾರಾಮ.

ಆ ಮಾತನ್ನು ಅವನ ಮನೆಯವರ ಎದುರೇ ಅವನಿಗೆ ವಾಪಸು ಕೊಡಬೇಕು. ಶಕುಂತಲಾಬಾಯಿಗೆ ಬೇಕಿದ್ದದ್ದು ಇಷ್ಟೇ. ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದಲ್ಲಿಟ್ಟಳು. ಸಿಕ್ಕ ರೋಗಿಗಳಿಗೆಲ್ಲ ತೋರಿಸಿ ಅವನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕಿತ್ತುಕೊಂಡಳು.

ಹೋದ ಶ್ರಾವಣದಲ್ಲಿ ಕೀಮೋ ವಾರ್ಡಿನಲ್ಲಿ ರೋಗಿಯೊಬ್ಬಳನ್ನು ಮಲಗಿಸಿ ತಿರುಗಿದರೆ, ಪಕ್ಕದ ಮಂಚದಲ್ಲಿ ತುಳಜಾರಾಮನ ಹೆಂಡತಿ. ಕೈಗೆ ಸಲಾಯಿನ್. ಅವನು ಬದಿಗೆ ಕೂತು ಸೇಬು ಹೆಚ್ಚಿ ಆಕೆಗೆ ಕೊಡುತ್ತಿದ್ದ. ನೋಡಿ ಖುಷಿಯಾಯಿತು ಎಂದು ಶಕುಂತಲಾಬಾಯಿ ನನಗೆ ನಾಚಿಕೆಯಿಲ್ಲದೆ ಹೇಳಿದ್ದಾಳೆ.

"ಪರೇಜ ಮುರದೀರಲ್ರಿ," ಎಂದಳು.

ತುಳಜಾರಾಮ ಗಡಬಡಿಸಿ ಎದ್ದ. "ಬಾಯಾರ, ಹೊರಗ ಮಾತಾಡೋಣು ಬರ್ರಿ. ಆಕೀಗಿ ಏನೂ ಗೊತ್ತಿಲ್ಲ."

"ಅದಕ್ಕೇ ಹೇಳಾಕತ್ತೇನಿ."

ಚೀಟಿಯನ್ನು ಹೆಂಡತಿಯ ಕೈಗಿಟ್ಟಳು. ಗಂಡನ ಅಕ್ಷರ ಆಕೆಗೆ ತಿಳಿಯದೆ ಇರುತ್ತದೆಯೇ? ಓದಿದಳು. ಮೂರನೆಯದಕ್ಕೆ ಬಂದು, ತಲೆಯ ಮೇಲೆ ತೂಗುತ್ತಿದ್ದ ಬಾಟಲಿ ನೋಡಿದಳು.

"ಇದು ಯಾರಿಗಿ ಬರದಿದ್ರಿ?" ಎಂದು ಗಂಡನನ್ನು ಕೇಳಿದಳು. ಅವನು ಚೀಟಿಗೆ ಕೈ ಹಾಕಲು ಬಂದ.

"ನನ್ನ ತಂಗೀಗಿ," ಎಂದಳು ಶಕುಂತಲಾಬಾಯಿ. "ನಿಮಗ ಈಗ ಇಳ್ಯಾಕತ್ತದಲ್ಲ, ಅದೇ ದವಾ ಆಕೀಗೂ ಹೇಳಿದ್ರು. ಅದೂ ಗಿಡದ ದವಾನೇ ಇತ್ತು."

ಹೆಂಡತಿ ಸೇಬಿನ ಹೋಳನ್ನು ತಟ್ಟೆಗೆ ಹಾಕಿದಳು. "ನೀವು ಹೊರಗ ಹೋಗ್ರಿ," ಎಂದಳು. ಅವನು ಹೋದ.

ಬಾಟಲಿ ಇಳಿಯಲು ಮೂರು ತಾಸು ಹಿಡಿಯಿತು. ಅಷ್ಟೂ ಹೊತ್ತು ಆಕೆಯ ಪಕ್ಕ ಕೂತಿದ್ದವಳು ಶಕುಂತಲಾಬಾಯಿ. ಹೊರಡುವಾಗ ತುಳಜಾರಾಮನ ಹೆಂಡತಿ ಚೀಟಿ ಮರಳಿಸಹೋದಳು.

"ನಿಮ್ಮ ಮನ್ಯಾಗೇ ಇರ್ಲಿ," ಎಂದಳು ಶಕುಂತಲಾಬಾಯಿ.